ಎದುರು ವಾದದ ಪ್ಯಾರಾ ರಿಪೇರಿ: ಒಂದು ಬಿ.ಎಡ್ ಪ್ರಬಂಧ ಬಿಚ್ಚಿ ಜೋಡಿಸಿದ್ದು

ರಿಪೇರಿಗೆ ಬಂದ ಮಾಲು: ಟೈಪ್ ಮಾಡಿದ ಆರು ಪುಟ. ವಿಷಯ, 'ಎಂಟನೇ ತರಗತಿವರೆಗೆ ಮಕ್ಕಳನ್ನು ಫೇಲ್ ಮಾಡಬಾರದು'. ತಂದವಳು ನಮ್ಮಕ್ಕನ ಮಗಳು, ಮಂಡ್ಯದಲ್ಲಿ ಬಿ.ಎಡ್ ಓದುತ್ತಿದ್ದಾಳೆ. ಅಂತರ ಕಾಲೇಜು ಸ್ಪರ್ಧೆಗೆ ಕಳಿಸಬೇಕು, 1500 ಪದದ ಮಿತಿ. ಅವರ ಮೇಡಂ ಓದಿ, ಪೆನ್ಸಿಲಿನಲ್ಲಿ ಒಂದೇ ಸಾಲು ಬರೆದು ವಾಪಸ್ ಕೊಟ್ಟಿದ್ದರು: "ಎದುರು ಪಕ್ಷಕ್ಕೆ ಉತ್ತರ ಇಲ್ಲ." ಇವಳ ತಕರಾರು, ಐದನೇ ಪುಟದಲ್ಲಿ ಕೊಟ್ಟಿದ್ದೀನಲ್ಲ ಚಿಕ್ಕಮ್ಮ, ನೀನೇ ನೋಡು ಅಂತ. ನಾನು ಮೈಸೂರಿನಲ್ಲಿ ಒಂದು ಪ್ರೆಸ್ಸಿಗೆ ಪ್ರೂಫ್ ನೋಡುತ್ತೇನೆ. ಪ್ರಬಂಧ ಬರೆಯುವುದು ನನ್ನ ಕೆಲಸವಲ್ಲ, ಬೇರೆಯವರ ವಾಕ್ಯ ಎಲ್ಲಿ ಕುಂಟುತ್ತದೆ ಅಂತ ಹೇಳುವುದು ನನ್ನ ಕೆಲಸ. ಅಷ್ಟು ಸಾಕಾಯಿತು.

ಬಿಚ್ಚಿ ನೋಡಿದ್ದು

ಬೇಕಾದ ಸಾಮಾನು ಜಾಸ್ತಿ ಇಲ್ಲ. ಸಾಲುಗಳ ನಡುವೆ ಜಾಗ ಬಿಟ್ಟು ತೆಗೆದ ಒಂದು ಪ್ರಿಂಟ್, ಎರಡು ಹೈಲೈಟರ್, ಒಂದು ಕೆಂಪು ಪೆನ್ನು. ಅವಳ ಸ್ವಂತ ಮಾತಿಗೆಲ್ಲ ಹಳದಿ, ಎದುರಿನವರ ಮಾತಿಗೆ ಹಸಿರು ಹಚ್ಚು ಅಂದೆ. ಹಚ್ಚಿ ಮುಗಿದ ಮೇಲೆ ಆರೂ ಪುಟ ನೆಲದ ಮೇಲೆ ಸಾಲಾಗಿ ಇಟ್ಟೆವು. ಪೂರ್ತಿ ಹಳದಿ. ಐದನೇ ಪುಟದ ಕೆಳತುದಿಯಲ್ಲಿ ಮಾತ್ರ ಸಣ್ಣದೊಂದು ಹಸಿರು ಪಟ್ಟಿ. ಅಲ್ಲಿ ಇದ್ದದ್ದು ಇಷ್ಟು:

"ಕೆಲವರು ಫೇಲ್ ಮಾಡಿದರೆ ಮಾತ್ರ ಮಕ್ಕಳಿಗೆ ಶಿಸ್ತು ಬರುತ್ತದೆ ಎಂದು ಹೇಳುತ್ತಾರೆ. ಆದರೆ ಇದು ಹಳೆಯ ಕಾಲದ ಕ್ರೂರ ಮನಸ್ಥಿತಿಯಾಗಿದ್ದು, ಇಂದಿನ ಆಧುನಿಕ ಯುಗಕ್ಕೆ ಸಲ್ಲದು."

ಈ 'ಕೆಲವರು' ಯಾರು? ಅವಳಿಗೆ ಗೊತ್ತಿರಲಿಲ್ಲ. ಯಾರೋ ಹೇಳಿರುತ್ತಾರೆ ಬಿಡು ಅಂದಳು. ಹಾಗಾಗಿ ಅವರ ಬಾಯಿಗೆ ಸುಲಭಕ್ಕೆ ಉರುಳಿಸುವಂಥ ಒಂದು ಮಾತು ತುರುಕಿದ್ದಾಳೆ. ಶಿಸ್ತು ಅನ್ನುವುದು ಈ ಜಗಳದಲ್ಲಿ ಬಹಳ ಸಣ್ಣ ಮಾತು. ಇನ್ನು ಎರಡನೇ ವಾಕ್ಯ ಉತ್ತರವೇ ಅಲ್ಲ, ಬೈಗುಳ. ಹಳೆಯದು ಅಂದ ಮಾತ್ರಕ್ಕೆ ತಪ್ಪು ಅಂತ ಆಗಲ್ಲ ಅಲ್ವಾ, ರಾಗಿ ಮುದ್ದೆಯೂ ಹಳೆಯದೇ.

ಇನ್ನೊಂದು ದೋಷ ಎರಡನೇ ಪುಟದಲ್ಲಿ ಸಿಕ್ಕಿತು, ಇದು ಜಾಸ್ತಿ ಅಪಾಯದ್ದು. 'ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿವರೆಗೆ ಫೇಲ್ ಮಾಡುವಂತಿಲ್ಲ, ಆದ್ದರಿಂದ ಈ ಬಗ್ಗೆ ಎರಡು ಮಾತಿಲ್ಲ' ಅಂತ ಬರೆದಿದ್ದಳು. 2009ರ ಕಾಯ್ದೆಯ 16ನೇ ಕಲಂ ಹಾಗೆಯೇ ಇತ್ತು, 2010ರ ಏಪ್ರಿಲ್ 1ರಿಂದ ಜಾರಿಯಲ್ಲೂ ಇತ್ತು. ಆದರೆ 2019ರಲ್ಲಿ ಸಂಸತ್ತು ಅದನ್ನು ತಿದ್ದಿತು. ಈಗ ಐದು ಮತ್ತು ಎಂಟನೇ ತರಗತಿಯ ಕೊನೆಗೆ ಪರೀಕ್ಷೆ. ಪಾಸಾಗದ ಮಗುವಿಗೆ ಹೆಚ್ಚುವರಿ ಪಾಠ ಹೇಳಿ, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮತ್ತೊಂದು ಪರೀಕ್ಷೆ. ಅದರಲ್ಲೂ ಆಗದಿದ್ದರೆ ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ಸರ್ಕಾರ ಅನುಮತಿ ಕೊಡಬಹುದು. ಶಾಲೆಯಿಂದ ಹೊರಗೆ ಹಾಕುವಂತಿಲ್ಲ, ಅದು ಮಾತ್ರ ಬದಲಾಗಿಲ್ಲ. 2024ರ ಡಿಸೆಂಬರಿನಲ್ಲಿ ಕೇಂದ್ರ ತನ್ನ ಶಾಲೆಗಳಿಗೆ ಇದರ ನಿಯಮವನ್ನೂ ತಂದಿತು. ತಮಿಳುನಾಡು ನಾವು ಎಂಟರವರೆಗೆ ಫೇಲ್ ಮಾಡುವುದಿಲ್ಲ ಅಂತ ಆಗಲೇ ಹೇಳಿತು.

'ಕಾನೂನು ಹೀಗಿದೆ' ಅನ್ನುವುದನ್ನೇ ಉತ್ತರ ಮಾಡಿಕೊಂಡರೆ ಇದೇ ತೊಂದರೆ. ಕಾನೂನು ತಿದ್ದಿದ ದಿನ ನಮ್ಮ ವಾದವೂ ಬಿತ್ತು. ಅವಳು ಇದರ ಬದಲಿಗೆ ಕೋರ್ಟಿನ ಸಂಗತಿ ಹಾಕೋಣ ಅಂದಳು. ರಾಜ್ಯದಲ್ಲಿ 5, 8, 9ನೇ ತರಗತಿಗೆ ಬೋರ್ಡ್ ಮಟ್ಟದ ಪರೀಕ್ಷೆ ಮಾಡಿ ದೊಡ್ಡ ರಾದ್ಧಾಂತವಾಯಿತಲ್ಲ, 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತಲ್ಲ, ಅದು. ಅದೂ ಬೇಡ ಅಂದೆ. ಅಲ್ಲಿ ಇದ್ದ ಪ್ರಶ್ನೆ ಅಂಥ ಪರೀಕ್ಷೆ ಮಾಡಲು ಕಾಯ್ದೆಯಲ್ಲಿ ಅವಕಾಶ ಇದೆಯೇ ಅಂತ. ಫೇಲ್ ಆದ ಮಗು ಕಲಿಯುತ್ತದೆಯೇ ಇಲ್ಲವೇ ಅಂತ ಅಲ್ಲ. ಎದುರಿನವರು ಕೇಳುತ್ತಿರುವುದು ಎರಡನೆಯದನ್ನು.

ಅಸಲಿ ಎದುರಾಳಿ ಬೇಕು

ಪುಸ್ತಕದಲ್ಲೋ ನೆಟ್ಟಿನಲ್ಲೋ ಹುಡುಕುವ ಬದಲು ಜನದ ಹತ್ತಿರ ಹೋಗು ಅಂದೆ. ನಮ್ಮಕ್ಕನ ಮನೆ ಬೀದಿಯಲ್ಲೇ ಒಬ್ಬ ರಿಟೈರ್ಡ್ ಮೇಷ್ಟ್ರು ಇದ್ದಾರೆ. ಪಾಂಡವಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಸರ್ವೀಸ್ ಪೂರ್ತಿ ಕಳೆದವರು. ಫೇಲ್ ಬೇಕೇ ಬೇಕು ಅನ್ನುವ ಪಕ್ಷ. ವಾಟ್ಸಾಪಿನಲ್ಲಿ 'ನಮ್ ಕಾಲದಲ್ಲಿ ಒದೆ ತಿಂದೇ ಓದಿದ್ದು' ಅಂತ ಹಾಕುವ ಜಾತಿಯವರಲ್ಲ ಅವರು. ಆ ವಾಟ್ಸಾಪ್ ಪಕ್ಷಕ್ಕೆ 1500 ಪದದ ಪ್ರಬಂಧದಲ್ಲಿ ಒಂದು ಸಾಲು ಕೊಡುವುದೂ ದಂಡ.

ಮೇಷ್ಟ್ರ ಮುಂದೆ ಇವಳು ತನ್ನ ಎರಡು ಸಾಲು ಓದಿದಳು. ಅವರು ಕನ್ನಡಕ ತೆಗೆದು, "ಇದ್ಯಾರವ್ವಾ ಹಿಂಗಂದೋರು?" ಅಂತ ಕೇಳಿದರಂತೆ. ನೀವೇ ಮೇಷ್ಟ್ರೇ, ನೀವು ಫೇಲ್ ಮಾಡ್ಬೇಕು ಅಂತೀರಲ್ಲ ಅಂದಿದ್ದಾಳೆ. "ನಾನು ಶಿಸ್ತಿನ ಮಾತು ಆಡೇ ಇಲ್ಲ ಕಣವ್ವ" ಅಂದರಂತೆ. ಆಮೇಲೆ ಅವರು ಹೇಳಿದ್ದನ್ನು ಇವಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಳು, ಅವರನ್ನು ಕೇಳಿಯೇ. ಅದರ ತಿರುಳು ಹೀಗಿದೆ. ಮೂರನೇ ಕ್ಲಾಸಿನಲ್ಲಿ ಒತ್ತಕ್ಷರ ಬರದ ಹುಡುಗನನ್ನು ನಾಲ್ಕಕ್ಕೆ ತಳ್ಳುತ್ತೀರಿ. ನಾಲ್ಕರ ಮೇಷ್ಟ್ರಿಗೆ ನಾಲ್ಕರ ಪಾಠ ಮುಗಿಸುವುದೇ ಕಷ್ಟ, ಮೂರರ ಒತ್ತಕ್ಷರ ಯಾವಾಗ ಕಲಿಸುತ್ತಾರೆ? ಹೀಗೆ ತಳ್ಳಿ ತಳ್ಳಿ ಒಂಬತ್ತಕ್ಕೆ ತಂದು ನಿಲ್ಲಿಸುತ್ತೀರಿ, ಅಲ್ಲಿ ಅವನು ಬೀಳುತ್ತಾನೆ. ಫೇಲ್ ತಪ್ಪಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ಎಂಟು ವರ್ಷದ ಮಗು ಒಂದು ವರ್ಷ ಹಿಂದೆ ಬಿದ್ದರೆ ಎದ್ದುಕೊಳ್ಳುತ್ತೆ, ಹದಿನೈದರ ಹುಡುಗ ಎಂಟು ವರ್ಷದ ಪಾಠ ಹಿಂದೆ ಬಿದ್ದಿದ್ದರೆ ಎಲ್ಲಿಂದ ಏಳುತ್ತಾನೆ?

ಇದು ವಾದ. ಕೇಳುತ್ತಿದ್ದರೆ ನನಗೇ ಹೌದಲ್ಲ ಅನ್ನಿಸಿತು. ಇವಳ ಮುಖ ಸಪ್ಪಗಾಗಿತ್ತು.

ಮೇಷ್ಟ್ರು ಒಂದು ಅಂಕಿಯನ್ನೂ ಕೊಟ್ಟಿದ್ದರು. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಧಾರಾಳವಾಗಿ ಕೊಟ್ಟ ಮೇಲೆ. "ಕ್ಯಾಮ್ರಾ ಇಟ್ಟೇಟ್ಗೆ ಬಂಡವಾಳ ಬಯಲಾಯ್ತು" ಅಂತ ಅವರ ಮಾತು. ಇದನ್ನು ಪ್ರಬಂಧದಲ್ಲಿ ಹಾಕಬೇಕು, ಎದುರು ಪಕ್ಷದ ಕಡೆಗೇ ಹಾಕಬೇಕು ಅಂದೆ. ನಮಗೇ ಏಟು ಬೀಳುವ ಅಂಕಿ ನಾವೇ ಕೊಡೋದಾ ಅಂತ ಇವಳಿಗೆ ಗಾಬರಿ. ಕೊಡದಿದ್ದರೆ ತೀರ್ಪುಗಾರರಿಗೆ ಗೊತ್ತಿರುವುದಿಲ್ಲವೇ? ಅವರೂ ಪೇಪರ್ ಓದುತ್ತಾರೆ. ಗೊತ್ತಿದ್ದೂ ಮುಚ್ಚಿಟ್ಟಳು ಅಂತಲೋ, ಗೊತ್ತೇ ಇಲ್ಲ ಅಂತಲೋ ಅಂದುಕೊಳ್ಳುತ್ತಾರೆ. ಎರಡೂ ನಷ್ಟವೇ.

ಹೊರಡುವಾಗ ಮೇಷ್ಟ್ರು ಮೇಲುಕೋಟೆ ಕಡೆ ಕೈ ತೋರಿಸಿ ಒಂದು ಮಾತು ಹೇಳಿದ್ದರಂತೆ. ಅಲ್ಲಿದ್ದ ರಾಮಾನುಜರು ಅದ್ವೈತವನ್ನು ಎದುರಿಸಿದ ರೀತಿ ನೋಡವ್ವ, ಅಂತ. ಬ್ರಹ್ಮಸೂತ್ರಕ್ಕೆ ಅವರು ಬರೆದ ವ್ಯಾಖ್ಯಾನ ಶ್ರೀಭಾಷ್ಯ, ಅದರ ಮೊದಲ ಸೂತ್ರದಲ್ಲೇ ಮಹಾಪೂರ್ವಪಕ್ಷ ಅಂತ ಒಂದು ದೊಡ್ಡ ಭಾಗ ಇದೆ. ಎದುರಿನವರ ವಾದವನ್ನು ರಾಮಾನುಜರೇ ಅಲ್ಲಿ ಉದ್ದಕ್ಕೆ ಬಿಡಿಸಿ ಇಡುತ್ತಾರೆ. ತಮ್ಮ ಮಹಾಸಿದ್ಧಾಂತ ಶುರು ಮಾಡುವುದು ಆಮೇಲೆ. ನಮ್ಮ ಹಳೆಯ ಶಾಸ್ತ್ರಕಾರರು ಬಹುತೇಕ ಎಲ್ಲರೂ ಹೀಗೇ ಬರೆದವರು. ಎದುರು ಪಕ್ಷ ಇಲ್ಲದ ಸಿದ್ಧಾಂತವನ್ನು ಅವರು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಎಂಟುನೂರು ಒಂಬೈನೂರು ವರ್ಷದ ಹಿಂದೆಯೇ ನಮ್ಮ ಜಿಲ್ಲೆಯ ಬೆಟ್ಟದ ಮೇಲೆ ಪಾಠವಾಗುತ್ತಿದ್ದ ಕ್ರಮ ಇದು, ಈಗ ಬಿ.ಎಡ್ ಹುಡುಗಿಗೆ ಪೆನ್ಸಿಲಿನಲ್ಲಿ ಬರೆದು ನೆನಪಿಸಬೇಕಾಯಿತು.

ಹೊಸ ಪ್ಯಾರಾ ಕೂಡಿಸಿದ್ದು

ಹಳೆಯ ಎರಡು ಸಾಲು ಪೂರ್ತಿ ಕಿತ್ತು ಹಾಕಿದೆವು. ಅದರ ಜಾಗಕ್ಕೆ ಅವಳು ಬರೆದದ್ದು:

"ಫೇಲ್ ಬೇಕು ಎನ್ನುವವರಲ್ಲಿ ಬಹಳಷ್ಟು ಜನ ಜೀವನವಿಡೀ ಕಪ್ಪು ಹಲಗೆಯ ಮುಂದೆ ನಿಂತವರು. ಅವರು ಕೇಳುವುದು ಶಿಕ್ಷೆಯನ್ನಲ್ಲ. ಓದಲು ಬಾರದ ಮಗುವನ್ನು ಮುಂದಿನ ತರಗತಿಗೆ ಕಳಿಸಿದರೆ ಆ ಮಗುವಿಗೆ ಹಳೆಯ ಪಾಠ ಕಲಿಸುವವರು ಯಾರೂ ಉಳಿಯುವುದಿಲ್ಲ ಎಂಬುದು ಅವರ ಆತಂಕ. ಎಂಟನೇ ತರಗತಿಯವರೆಗೆ ತಡೆದ ಸೋಲು ಹತ್ತನೇ ತರಗತಿಯಲ್ಲಿ ಒಟ್ಟಿಗೆ ಬಂದು ಬೀಳುತ್ತದೆ ಎನ್ನುತ್ತಾರೆ."

ಇದರ ಕೆಳಗೆ ಎಸ್ಸೆಸ್ಸೆಲ್ಸಿ ಅಂಕಿ. ಮೊದಲ ಕರಡಿನಲ್ಲಿ 'ಆತಂಕ' ಇದ್ದ ಕಡೆ 'ಭ್ರಮೆ' ಅಂತ ಇತ್ತು, ಕೆಂಪು ಪೆನ್ನಿಗೆ ಮೊದಲು ಸಿಕ್ಕಿದ್ದೇ ಅದು. ಎದುರಿನವರ ಪ್ಯಾರಾದೊಳಗೆ ನಮ್ಮ ತೀರ್ಪಿನ ಪದ ಇರಕೂಡದು. 'ಎಂದು ವಾದಿಸಲು ಯತ್ನಿಸುತ್ತಾರೆ', 'ಎಂದುಕೊಂಡಿದ್ದಾರೆ' ಇಂಥವೂ ಹಾಗೆಯೇ, ಮೇಲ್ನೋಟಕ್ಕೆ ಮರ್ಯಾದೆ, ಒಳಗೆ ಚಿವುಟುವುದು. ಸುಮ್ನೆ 'ಎನ್ನುತ್ತಾರೆ' ಸಾಕು.

ಪರೀಕ್ಷೆ ಹೀಗೆ ಮಾಡಿದೆವು. ಪುಟದಲ್ಲಿ ಈ ಪ್ಯಾರಾ ಬಿಟ್ಟು ಉಳಿದದ್ದನ್ನೆಲ್ಲ ಬಿಳಿ ಹಾಳೆಯಿಂದ ಮುಚ್ಚಿ ಮೇಷ್ಟ್ರ ಕೈಗೆ ಕೊಟ್ಟಳು. ಅವರು ಓದಿ ತಲೆಯಾಡಿಸಿ, "ಹಾಂ, ಇದೇ ಕಣವ್ವ ನಾನಂದಿದ್ದು" ಅಂದರು. ಒಂದು ಕಡೆ ಮಾತ್ರ ಬೆರಳಿಟ್ಟರು: 'ಬಹಳಷ್ಟು ಜನ' ಅಂತ ನಿನಗೆ ಹೆಂಗೆ ಗೊತ್ತು, ಎಣಿಸಿದ್ಯಾ? ಅದು 'ಹಲವರು' ಆಯಿತು.

ಎದುರಿನವರು ರುಜು ಹಾಕುವಂತೆ ಬರೆದಾಯಿತು, ಈಗ ಜಾಗದ ಪ್ರಶ್ನೆ. ಐದನೇ ಪುಟದಿಂದ ಎತ್ತಿ ಎರಡನೇ ಪುಟಕ್ಕೆ ತಂದೆವು. ಕಾರಣ ಇದೆ. ಶಿಕ್ಷಣದ ಪ್ರಬಂಧ ಓದುವ ತೀರ್ಪುಗಾರರು ಸಾಮಾನ್ಯವಾಗಿ ಮೇಷ್ಟ್ರುಗಳೇ. ಅವರಲ್ಲಿ ಅರ್ಧ ಜನಕ್ಕಾದರೂ ನಮ್ಮ ಮೇಷ್ಟ್ರ ಅಭಿಪ್ರಾಯವೇ ಇರಬಹುದು. ಮೊದಲ ಪ್ಯಾರಾ ಓದುತ್ತಲೇ ಅವರ ಮನಸ್ಸಿನಲ್ಲಿ 'ಅಲ್ಲಮ್ಮ, ಆದ್ರೆ...' ಶುರುವಾಗಿರುತ್ತದೆ. ಐದನೇ ಪುಟದವರೆಗೆ ಅದನ್ನು ಹೊತ್ತುಕೊಂಡು ಓದುವವರ ಕಿವಿಗೆ ನಡುವಿನದ್ದು ಯಾವುದೂ ಬೀಳುವುದಿಲ್ಲ. ಕೆಲವರು ಎದುರು ವಾದ ಕೊನೆಗೇ ಇರಬೇಕು ಅಂತ ಹೇಳಿಕೊಡುತ್ತಾರೆ. ಓದುಗರು ಮೊದಲೇ ನಮ್ಮ ಕಡೆ ಇದ್ದರೆ ಅದು ನಡೆಯುತ್ತದೆ, ಇಲ್ಲಿ ಹಾಗಿಲ್ಲ.

ಉತ್ತರದ ಕೆಲಸ, ಇದೇ ಜಾಸ್ತಿ ಹೊತ್ತು ತಿಂದಿದ್ದು

ಎದುರು ವಾದ ಗಟ್ಟಿಯಾಗಿ ಬರೆದ ಮೇಲೆ ಹಳೆಯ ಉತ್ತರಗಳೆಲ್ಲ ಅದರ ಮುಂದೆ ಪೇಲವವಾಗಿ ಕಂಡವು. 'ಮಕ್ಕಳ ಮನಸ್ಸಿಗೆ ನೋವಾಗುತ್ತದೆ' ಅನ್ನುವುದಕ್ಕೆ ಮೇಷ್ಟ್ರು ಹೇಳುವುದು, ಹತ್ತರಲ್ಲಿ ಬಿದ್ದರೆ ನೋವಾಗಲ್ವಾ ಅಂತ. ಮುಗಿಯಿತು.

ಮೊದಲು ಎದುರು ಮಾತಿನ ಸಂಗತಿಯಲ್ಲಿ ಏನಾದರೂ ತಪ್ಪಿದೆಯೇ ನೋಡಿದೆವು. ಒಂದು ಸಿಕ್ಕಿತು. ಫೇಲ್ ತೆಗೆದರು, ಹಾಗಾಗಿ ಪರೀಕ್ಷೆಯೇ ಹೋಯಿತು, ಯಾರಿಗೆ ಏನು ಬರುತ್ತೆ ಅಂತಲೇ ಗೊತ್ತಾಗಲ್ಲ ಅನ್ನುವ ಮಾತು. ಕಾಯ್ದೆ ಫೇಲ್ ಮಾಡುವುದನ್ನು ತೆಗೆದಾಗಲೇ ನಿರಂತರ ಮೌಲ್ಯಮಾಪನವನ್ನೂ ತಂದಿತ್ತು. ನಮ್ಮ ಶಾಲೆಗಳಲ್ಲಿ ಎಫ್‌ಎ, ಎಸ್‌ಎ ಅಂತ (ಪಾಠದ ನಡುವಿನ ಮತ್ತು ಅವಧಿ ಕೊನೆಯ ಮೌಲ್ಯಮಾಪನ) ವರ್ಷಪೂರ್ತಿ ನಡೆಯುವುದು ಅದೇ ತಾನೇ. ಮಗುವಿಗೆ ಏನು ಬರುವುದಿಲ್ಲ ಅಂತ ರಿಜಿಸ್ಟರಿನಲ್ಲಿ ಇರುತ್ತದೆ. ಅದನ್ನು ನೋಡಿ ಮತ್ತೆ ಪಾಠ ಮಾಡಲು ಜನ ಮತ್ತು ಸಮಯ ಇರುವುದಿಲ್ಲ. ಇದನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದಳು.

ಆಮೇಲೆ ಕಾರಣದ ಪ್ರಶ್ನೆ. ಎಸ್ಸೆಸ್ಸೆಲ್ಸಿ ಇಳಿದದ್ದು ಫೇಲ್ ಮಾಡದ್ದರಿಂದಲೇ ಅಂತ ಹೇಗೆ ಹೇಳುವುದು? 2024ರಲ್ಲಿ ಹತ್ತರಲ್ಲಿದ್ದ ಮಕ್ಕಳು ಕೊರೊನಾ ಬಂದಾಗ ಆರನೇ ತರಗತಿಯ ಆಸುಪಾಸಿನಲ್ಲಿದ್ದವರು, ಶಾಲೆಯ ಬಾಗಿಲು ತಿಂಗಳುಗಟ್ಟಲೆ ಮುಚ್ಚಿತ್ತು. ದೇಶದ ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ ಅಸರ್ ಸಮೀಕ್ಷೆಯಲ್ಲೂ ಅದೇ ಗುರುತು ಇದೆ. ಎರಡನೇ ತರಗತಿಯ ಪಾಠ ಓದಬಲ್ಲ ಐದನೇ ತರಗತಿ ಮಕ್ಕಳು 2018ರಲ್ಲಿ ಶೇ 50.5, 2022ರಲ್ಲಿ ಶೇ 42.8. ಈ ಇಳಿತ ನೋಡಿ ಒಬ್ಬರು 'ನೋಡಿ, ಫೇಲ್ ಇಲ್ಲದ್ದಕ್ಕೆ ಹೀಗಾಯಿತು' ಅನ್ನಬಹುದು, ಇನ್ನೊಬ್ಬರು 'ಶಾಲೆ ಮುಚ್ಚಿದ್ದಕ್ಕೆ' ಅನ್ನಬಹುದು. ಇವಳಿಗೆ ಎರಡನೆಯದು ಅನುಕೂಲ, ಹಾಗಾಗಿ ಅದೊಂದನ್ನೇ ಗಟ್ಟಿಯಾಗಿ ಬರೆದಿದ್ದಳು. ನಾನು ತಕರಾರು ತೆಗೆದೆ. 2018ರಲ್ಲೇ ಅರ್ಧದಷ್ಟು ಮಕ್ಕಳಿಗೆ ಓದು ಬರುತ್ತಿರಲಿಲ್ಲ, ಆಗ ಯಾವ ಕೊರೊನಾ ಇತ್ತು? ಕೊನೆಗೆ ಬರೆದದ್ದು, ಇಳಿತಕ್ಕೆ ಫೇಲ್ ನೀತಿಯೊಂದೇ ಕಾರಣ ಎನ್ನಲಾಗದು, ಆದರೆ ಇಳಿಯುವ ಮೊದಲೂ ಸ್ಥಿತಿ ಚೆನ್ನಾಗಿರಲಿಲ್ಲ ಅಂತ. ವಾದದ ಹರಿತ ಸ್ವಲ್ಪ ಹೋಯಿತು. ಹೋಗಲಿ.

ಉಳಿದದ್ದು ಮೇಷ್ಟ್ರ ಮುಖ್ಯ ಮಾತು. ಓದು ಬರದ ಮಗುವನ್ನು ಮುಂದೆ ತಳ್ಳಬಾರದು. ಇದು ನಿಜ, ಇದನ್ನು ಒಪ್ಪಲೇಬೇಕು. ಒಪ್ಪುವುದರಲ್ಲೂ ಒಂದು ಕಸುಬು ಇದೆ. ಅವಳು ಬರೆದದ್ದು: "ಇದು ನಿಜವಾದರೂ, ಫೇಲ್ ಮಾಡುವುದರಿಂದ ಪ್ರಯೋಜನವಿಲ್ಲ." ಇಲ್ಲಿ ಒಪ್ಪಿಗೆ ಅನ್ನುವುದು ಬಾಗಿಲಲ್ಲೇ ನಿಂತು ಹೋಗಿದೆ. 'ನಿಜವಾದರೂ', 'ನಿಜ, ಆದರೆ' ಅಂತ ಒಂದೇ ಉಸಿರಿನಲ್ಲಿ ಬಂದರೆ ಓದುವವರಿಗೆ 'ಆದರೆ' ಮಾತ್ರ ಕೇಳುತ್ತದೆ. ಪೂರ್ಣವಿರಾಮ ಹಾಕಿಸಿದೆ. "ಈ ಮಾತು ನಿಜ. ಒತ್ತಕ್ಷರ ಬಾರದ ಮಗು ನಾಲ್ಕನೇ ತರಗತಿಯಲ್ಲಿ ಕುಳಿತು ನಾಲ್ಕನೆಯದನ್ನೂ ಕಲಿಯುವುದಿಲ್ಲ, ಮೂರನೆಯದನ್ನೂ ಕಲಿಯುವುದಿಲ್ಲ." ಇಷ್ಟು ಹೇಳಿ ಒಂದು ಕ್ಷಣ ಅಲ್ಲೇ ನಿಲ್ಲಬೇಕು. ಉತ್ತರ ಮುಂದಿನ ಪ್ಯಾರಾದಲ್ಲಿ.

ಆ ಉತ್ತರ ಸಿಕ್ಕಿದ್ದು ಕ್ಯಾಲೆಂಡರಿನಲ್ಲಿ. ತಿದ್ದಿದ ಕಾಯ್ದೆಯೇ ಹೇಳುತ್ತದೆ, ಫೇಲ್ ಮಾಡುವ ಮೊದಲು ಹೆಚ್ಚುವರಿ ಪಾಠ ಕೊಡಿ, ಎರಡು ತಿಂಗಳೊಳಗೆ ಮತ್ತೆ ಪರೀಕ್ಷೆ ಮಾಡಿ ಅಂತ. ನಮ್ಮ ರಾಜ್ಯದಲ್ಲಿ ಫಲಿತಾಂಶ ಹೇಳುವುದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಅಲ್ಲಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಅಂದರೆ ಆ ಎರಡು ತಿಂಗಳಿನಲ್ಲಿ ಹೆಚ್ಚುಪಾಲು ಶಾಲೆಗೆ ಬೀಗ. ಮಗು ಅಜ್ಜಿ ಮನೆಯಲ್ಲಿ, ಮೇಷ್ಟ್ರು ಮದುವೆ ಮನೆಯಲ್ಲೋ ಸರ್ಕಾರದ ಇನ್ಯಾವುದೋ ಡ್ಯೂಟಿಯಲ್ಲೋ. ಹೆಚ್ಚುವರಿ ಪಾಠ ಹೇಳುವವರು ಯಾರು? ಕ್ಯಾಲೆಂಡರ್ ಮುಂದೆ ನಿಂತು ಬೆರಳಿಟ್ಟು ಎಣಿಸುತ್ತಿದ್ದ ಇವಳು ಒಮ್ಮೆಲೇ "ಚಿಕ್ಕಮ್ಮ, ಪಾಠನೇ ಇಲ್ದೆ ಎರಡನೇ ಪರೀಕ್ಷೆ!" ಅಂತ ಕೂಗಿದಳು.

ಅಲ್ಲಿಂದ ಅವಳ ಇಡೀ ಪ್ರಬಂಧದ ನಿಲುವೇ ಸ್ವಲ್ಪ ಸರಿಯಿತು. ಮೊದಲು ಇದ್ದದ್ದು 'ಎಂಟರವರೆಗೆ ಫೇಲ್ ಮಾಡಬಾರದು'. ಈಗ 'ಹಿಂದೆ ಉಳಿದ ಪಾಠವನ್ನು ಮತ್ತೆ ಕಲಿಸುವ ಏರ್ಪಾಡು ಮಾಡದೆ ಯಾವ ಮಗುವನ್ನೂ ಫೇಲ್ ಮಾಡಬಾರದು'. ಅದೇ ತರಗತಿಯಲ್ಲಿ ಕೂರಿಸಿ ಅದೇ ಪಾಠವನ್ನು ಅದೇ ರೀತಿ ಇನ್ನೊಂದು ವರ್ಷ ಹೇಳಿದರೆ ಮೇಷ್ಟ್ರ ಒತ್ತಕ್ಷರ ಬಂದುಬಿಡುತ್ತದೆಯೇ ಅನ್ನುವುದು ಇಲ್ಲಿ ಅವಳ ಎದುರು ಪ್ರಶ್ನೆ. ಚಿಕ್ಕ ಮಾತಾಯಿತು, ಸೋತ ಹಾಗಾಯಿತು ಅಂತ ಅವಳಿಗೆ ಮೊದಲು ಅನ್ನಿಸಿತ್ತು. ನನ್ನ ಪ್ರಕಾರ ಚಿಕ್ಕದಾದದ್ದಕ್ಕೇ ಅಲುಗಾಡದೆ ನಿಂತಿತು. ಎದುರು ವಾದ ಓದಿದ ಮೇಲೂ ನಮ್ಮ ನಿಲುವು ಒಂದು ಅಕ್ಷರವೂ ಬದಲಾಗಿಲ್ಲ ಅಂದರೆ ಓದಿದ್ದು ನಾಟಕಕ್ಕೆ.

ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೊಂದಲಿಲ್ಲ. "ಫೇಲ್ ಅನ್ನೋ ಭಯ ಇಲ್ದಿದ್ರೆ ಅವರಪ್ಪ ಸ್ಕೂಲ್ ಕಡೆ ತಲೆ ಹಾಕೋದು ಯಾವಾಗ?" ಅಂತ ಮೇಷ್ಟ್ರು ಕೇಳಿದ್ದರು. ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸಭೆ, ಪೋಷಕರ ಸಭೆ ಅಂತೆಲ್ಲ ಬರೆದು ನೋಡಿದಳು. ಗದ್ದೆ ಕೆಲಸ ಬಿಟ್ಟು ಆ ಸಭೆಗೆ ಬರುವವರು ಎಷ್ಟು ಜನ ಅಂತ ಅವಳಿಗೇ ಗೊತ್ತು, ಪ್ರಾಕ್ಟೀಸ್ ಟೀಚಿಂಗಿಗೆ ಹೋದಾಗ ಕಣ್ಣಾರೆ ನೋಡಿದ್ದಾಳೆ. ಉತ್ತರದ ಹಾಗೆ ಕಾಣುವ ಏನನ್ನೋ ತುಂಬುವ ಬದಲು, ಈ ಪ್ರಶ್ನೆ ಉಳಿಯುತ್ತದೆ ಅಂತಲೇ ಒಂದು ಸಾಲು ಬರೆದು ಬಿಟ್ಟಳು. ಅಂಕ ಹೋದರೆ ಹೋಗಲಿ ಅಂತ ಅವಳೇ ಹೇಳಿದ್ದು, ನಾನು ಹೇಳಿಕೊಟ್ಟದ್ದಲ್ಲ.

ಪದಮಿತಿ

ಎಲ್ಲಾ ಕೂಡಿಸಿದ ಮೇಲೆ 1500 ದಾಟಿ ಬಹಳ ಮುಂದೆ ಹೋಗಿತ್ತು. ಅವಳ ಕೈ ಮೊದಲು ಹೋಗಿದ್ದು ಹಸಿರು ಪ್ಯಾರಾದ ಕಡೆಗೇ. ಕೈ ತಡೆದೆ. ಕತ್ತರಿಸಲು ಬೇರೆ ಕಡೆ ಬೇಕಾದಷ್ಟು ಇತ್ತು. ಮೊದಲ ಪುಟದಲ್ಲಿ ಗುರುಕುಲದಿಂದ ಹಿಡಿದು ಇವತ್ತಿನವರೆಗೆ ಶಿಕ್ಷಣದ ಮಹತ್ವ ಅಂತ ಒಂದು ಪ್ಯಾರಾ, ಅದು ಹೋಯಿತು. 'ಇಂದಿನ ಮಕ್ಕಳೇ ನಾಳಿನ ಪ್ರಜೆಗಳು' ಎರಡು ಕಡೆ ಇತ್ತು, ಎರಡೂ ಹೋದವು. ಇವುಗಳಿಗೆ ಯಾರೂ ಎದುರು ಹೇಳುವುದಿಲ್ಲ, ಹಾಗಾಗಿ ವಾದದ ಪ್ರಬಂಧದಲ್ಲಿ ಅವುಗಳಿಗೆ ಕೆಲಸವೂ ಇಲ್ಲ. ಕೋರ್ಟಿನ ಸಂಗತಿ ಅವಳು ಮೆತ್ತಗೆ ಮತ್ತೆ ಸೇರಿಸಿದ್ದಳು, ಅದನ್ನೂ ತೆಗೆಸಿದೆ. ಇಷ್ಟಕ್ಕೇ ಮಿತಿಯೊಳಗೆ ಬಂತು.

ಕೊನೆಯ ಪ್ರಿಂಟಿಗೆ ಮತ್ತೆ ಬಣ್ಣ ಹಚ್ಚಿದಾಗ ಎರಡನೇ ಪುಟದ ಮುಕ್ಕಾಲು ಭಾಗ ಹಸಿರು, ಮೂರು ನಾಲ್ಕರಲ್ಲಿ ಹಸಿರು ಹಳದಿ ಪಕ್ಕಪಕ್ಕ. ಮೇಷ್ಟ್ರು ಪೂರ್ತಿ ಓದಿದರು. ಒಪ್ಪಲಿಲ್ಲ. ಬೇಸಿಗೆ ರಜೆಯ ಲೆಕ್ಕ ಸರಿ ಇದೆ, ಹಾಗಿದ್ರೆ ರಜೆ ಕಡಿಮೆ ಮಾಡ್ಲಿ ಅಂದರು. ಅದಕ್ಕೆ ಉತ್ತರ ಬರೆಯಲು ಪದವೂ ಉಳಿದಿರಲಿಲ್ಲ, ಕಳಿಸಲು ಮರುದಿನವೇ ಕೊನೆಯಾಗಿತ್ತು.